ಕೊಡಗಿನಲ್ಲಿ ನಾಲ್ಕು ದಿನ: ರೋಜರ್ ಬಿನ್ನಿಯ ಆಟದ ಲೆಕ್ಕ ಹಿಡಿದು

ಮೊದಲ ದಿನ

ಏಪ್ರಿಲ್ ತಿಂಗಳ ಎರಡನೆಯ ವಾರದ ಒಂದು ಬೆಳಿಗ್ಗೆ, ಆರೂವರೆಯ ಬಸ್ಸಿಗೆ ಮೈಸೂರಿನಿಂದ ಹೊರಟೆ. ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿ ಕುಶಾಲನಗರದ ಕಾವೇರಿ ಸೇತುವೆಯ ಮೇಲೆ ಬಸ್ಸು ಹಾಯುವಾಗ ನದಿಯಲ್ಲಿ ಬಂಡೆಗಳೇ ಹೆಚ್ಚು, ನೀರು ಕಡಿಮೆ. ಸುಂಟಿಕೊಪ್ಪದಿಂದ ಮುಂದೆ ಮಾತ್ರ ಮಣ್ಣು ಒದ್ದೆಯಾಗಿತ್ತು. ಹಿಂದಿನ ವಾರ ಹೂಮಳೆ ಬಿದ್ದಿದ್ದರಿಂದ ಕಾಫಿ ತೋಟಗಳ ಬಿಳಿ ಹೂವು ಆಗಲೇ ಕಂದುಬಣ್ಣಕ್ಕೆ ತಿರುಗಿ ಉದುರುವ ಹಂತದಲ್ಲಿತ್ತು. ಆದರೂ ಕಿಟಕಿ ತೆರೆದರೆ ಅದರ ಪರಿಮಳ ಒಳಗೆ ನುಗ್ಗುತ್ತಿತ್ತು.

ಈ ಪ್ರಯಾಣದ ಕಾರಣ ಒಂದು ದೂರವಾಣಿ ಕರೆ. ಮೂರ್ನಾಡಿನ ಸಮೀಪದಲ್ಲಿರುವ ನನ್ನ ಸಹಪಾಠಿಯೊಬ್ಬ, ತನ್ನ ಸೋದರಮಾವನವರ ಟ್ರಂಕಿನಲ್ಲಿ ಹಳೆಯ ಕ್ರಿಕೆಟ್ ಲೆಕ್ಕದ ಪುಸ್ತಕಗಳು ಸಿಕ್ಕಿವೆಯೆಂದೂ, ಅವುಗಳಲ್ಲಿ ರೋಜರ್ ಬಿನ್ನಿಯ ಹೆಸರಿನ ಕೆಳಗೆಲ್ಲ ಕೆಂಪು ಗೆರೆ ಎಳೆದಿದೆಯೆಂದೂ ಹೇಳಿದ್ದ. ಬಿನ್ನಿಯ ಬಗ್ಗೆ ಬರೆಯಬೇಕೆಂಬ ಆಸೆ ನನಗೆ ಬಹಳ ವರ್ಷಗಳದು. 1983ರ ವಿಶ್ವಕಪ್ಪಿನಲ್ಲಿ ಎಲ್ಲ ತಂಡಗಳ ಎಲ್ಲ ಬೌಲರುಗಳಿಗಿಂತ ಹೆಚ್ಚು ವಿಕೆಟ್ ಪಡೆದವನು ಬೆಂಗಳೂರಿನ ಹುಡುಗ. ಹಾಗಿದ್ದೂ ಆ ಗೆಲುವಿನ ಮಾತು ಬಂದಾಗ ಅವನ ಹೆಸರು ನಾಲ್ಕನೆಯದಾಗಿಯೋ ಐದನೆಯದಾಗಿಯೋ ಬರುವುದು ನನ್ನ ಮನಸ್ಸಿಗೆ ಒಪ್ಪಿಗೆಯಾಗಿರಲಿಲ್ಲ.

ಮಡಿಕೇರಿಯಲ್ಲಿ ಬಸ್ಸು ಬದಲಿಸಿ ಮೂರ್ನಾಡಿಗೆ ಇಳಿದಾಗ ಮಧ್ಯಾಹ್ನವಾಗಿತ್ತು. ಸ್ನೇಹಿತನ ಮನೆಯ ಕೆಳಗಿನ ಕೊಯ್ಲಾದ ಗದ್ದೆಯಲ್ಲಿ ಏಳೆಂಟು ಹುಡುಗರು ಆಡುತ್ತಿದ್ದರು. ಭತ್ತದ ಕೂಳೆಗಳನ್ನು ಸವರಿ ನಡುವೆ ಒಂದು ಪಿಚ್ಚು, ಕಾಫಿ ಗಿಡದ ರೆಂಬೆಗಳ ವಿಕೆಟ್ಟು, ಒಂದು ಬದಿಗೆ ತೋಡೇ ಬೌಂಡರಿ. ಬ್ಯಾಟು ಹಿಡಿದವನು ಔಟಾದ ಕೂಡಲೇ ಬೌಲಿಂಗ್ ಮಾಡಲು ಬರುತ್ತಿದ್ದ, ಆ ಓವರು ಮುಗಿದರೆ ವಿಕೆಟ್ಟಿನ ಹಿಂದೆ ನಿಲ್ಲುತ್ತಿದ್ದ. ಗದ್ದೆಯಲ್ಲಿ ಆಡುವ ಮಕ್ಕಳೆಲ್ಲ ಆಲ್‌ರೌಂಡರುಗಳೇ. ದೊಡ್ಡ ಮೈದಾನಕ್ಕೆ ಹೋದ ಮೇಲೆ ತರಬೇತುದಾರರು ಅವರನ್ನು ಒಂದೊಂದು ಕೆಲಸಕ್ಕೆ ಮೀಸಲು ಮಾಡುತ್ತಾರೆ. ಬಿನ್ನಿ ಹಾಗೆ ಮೀಸಲಾಗದೆ ಉಳಿದ ಕೆಲವೇ ಜನರಲ್ಲಿ ಒಬ್ಬ.

ಸಂಜೆ ಮಾವನವರು ಟ್ರಂಕು ತೆರೆದರು. ಅವರಿಗೆ ಎಂಬತ್ತು ದಾಟಿದೆ, ಬೆನ್ನು ನೆಟ್ಟಗಿದೆ. ನುಸಿಗುಳಿಗೆಯ ವಾಸನೆಯ ನಡುವಿನಿಂದ ಅವರು ಎತ್ತಿಕೊಟ್ಟದ್ದು ತೋಟದ ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕಗಳು, ಒಟ್ಟು ಐದು. ಉದ್ದನೆಯ ಹಾಳೆಗಳು, ಕೆಂಪು ರಟ್ಟು, ಎಡಬದಿಗೆ ಹೆಸರಿನ ಮನೆ, ಅದರ ಬಲಕ್ಕೆ ತಿಂಗಳ ದಿನಗಳಿಗೆ ಮೂವತ್ತೊಂದು ಸಣ್ಣ ಮನೆಗಳು. ಮುಂದಿನಿಂದ ತೆರೆದರೆ ಹಾಜರಿ. ತಿರುಗಿಸಿ ಹಿಂದಿನಿಂದ ತೆರೆದರೆ ಕ್ರಿಕೆಟ್. ಆಳಿನ ಹೆಸರಿರಬೇಕಾದಲ್ಲಿ ಬೌಲರನ ಹೆಸರು, ದಿನದ ಮನೆಯಲ್ಲಿ ಆ ಓವರಿನ ರನ್ನು, ವಿಕೆಟ್ ಬಿದ್ದರೆ ಕೆಂಪು ಚುಕ್ಕೆ.

‘ನಾಳೆ ನೋಡುವ. ಈಗ ಊಟ ಮಾಡಿ,’ ಎಂದು ಅವರು ಪುಸ್ತಕಗಳನ್ನು ನನ್ನ ಕೈಯಿಂದ ಹಿಂದಕ್ಕೆ ತೆಗೆದುಕೊಂಡರು. ಕಡಂಬಟ್ಟು, ಪಂದಿಕರಿ, ಕೊನೆಯಲ್ಲಿ ಬೆಲ್ಲದ ಕಾಫಿ. ರಾತ್ರಿ ಮಳೆ ಬಂತು.

ಎರಡನೆಯ ದಿನ

ಬೆಳಗಿನ ಮಳೆ ಹತ್ತು ಗಂಟೆಯವರೆಗೂ ಬಿಡದಿದ್ದುದರಿಂದ ಹೊರಗೆ ಹೋಗುವ ಯೋಚನೆಯನ್ನೇ ಕೈಬಿಟ್ಟು, ಕೈಸಾಲೆಯ ಬೆಂಚಿನ ಮೇಲೆ ಪುಸ್ತಕಗಳನ್ನು ಹರಡಿಕೊಂಡು ಕೂತೆವು. ಮಾವನವರು ಮೊದಲು ತೆಗೆದದ್ದು 1977-78ರ ಪುಟವನ್ನು. ಅದು ರೇಡಿಯೊ ಕೇಳಿ ಬರೆದದ್ದಲ್ಲ, ಪತ್ರಿಕೆಯಿಂದ ನಕಲು ಮಾಡಿಕೊಂಡದ್ದು. ಚಿಕ್ಕಮಗಳೂರಿನಲ್ಲಿ ಕೇರಳದ ವಿರುದ್ಧ ನಡೆದ ರಣಜಿ ಪಂದ್ಯದಲ್ಲಿ ಸಂಜಯ ದೇಸಾಯಿ ಮತ್ತು ರೋಜರ್ ಬಿನ್ನಿ ಮೊದಲ ವಿಕೆಟ್ಟಿಗೆ 451 ರನ್ ಸೇರಿಸಿದರು. ಜೊತೆಯಾಟ ಕೊನೆಗೂ ಮುರಿಯಲಿಲ್ಲ. ದೇಸಾಯಿ ಔಟಾಗದೆ 218, ಬಿನ್ನಿ ಔಟಾಗದೆ 211. ಆ ಋತುವಿನಲ್ಲಿ ಕರ್ನಾಟಕ ಎರಡನೆಯ ಬಾರಿ ರಣಜಿ ಟ್ರೋಫಿ ಗೆದ್ದಿತು. ಕಾಫಿ ಬೆಳೆಯುವ ಇನ್ನೊಂದು ಜಿಲ್ಲೆಯಲ್ಲಿ ಅಂಥ ಆಟ ನಡೆಯಿತೆಂಬ ಅಭಿಮಾನ ಮಾವನವರಿಗೆ ಇಂದಿಗೂ ಇದೆ. ನನಗೆ ಮುಖ್ಯವೆನಿಸಿದ್ದು ಬೇರೆ: ಮುಂದೆ ಲೋಕವೆಲ್ಲ ಮಧ್ಯಮ ವೇಗದ ಬೌಲರನೆಂದು ಗುರುತಿಸಿದ ಈ ಮನುಷ್ಯ ರಾಜ್ಯ ತಂಡದಲ್ಲಿ ಹೊಸ ಚೆಂಡನ್ನು ಎದುರಿಸುವ ಆರಂಭಿಕ ಬ್ಯಾಟುಗಾರನಾಗಿದ್ದ. ಹೊಸ ಚೆಂಡು ಏನೇನು ಮಾಡುತ್ತದೆಂಬುದನ್ನು ಪಿಚ್ಚಿನ ಎರಡೂ ತುದಿಗಳಿಂದ ಕಂಡವನು ಅವನು.

ಆಮೇಲೆ ಬಂದದ್ದು 1983ರ ಜೂನ್. ಕೊಡಗಿನಲ್ಲಿ ಜೂನ್ ಎಂದರೆ ಮಳೆಗಾಲ. ವಿದ್ಯುತ್ತು ಹೋದರೆ ವಾರಗಟ್ಟಲೆ ಇಲ್ಲ, ದೂರದರ್ಶನದ ಮಾತಂತೂ ಆ ಕಾಲಕ್ಕೆ ದೂರವೇ. ಸೆಲ್ಲು ಹಾಕುವ ರೇಡಿಯೊವನ್ನು ಕಿಟಕಿಗೆ ಒರಗಿಸಿಟ್ಟು, ಲಾಟೀನಿನ ಬೆಳಕಿನಲ್ಲಿ ಅವರು ಬರೆದುಕೊಂಡ ಪುಟಗಳಿವು. ಮೊದಲ ಪಂದ್ಯ ಓಲ್ಡ್ ಟ್ರಾಫರ್ಡಿನಲ್ಲಿ, ವಿಶ್ವಕಪ್ಪಿನಲ್ಲಿ ಅದುವರೆಗೆ ಒಂದೂ ಪಂದ್ಯ ಸೋಲದ ವೆಸ್ಟ್ ಇಂಡೀಸಿನ ಎದುರು. ಯಶಪಾಲ್ ಶರ್ಮಾ 89 ಹೊಡೆದದ್ದು ಎಲ್ಲರಿಗೂ ನೆನಪಿದೆ. ಬಿನ್ನಿ 27 ರನ್ ಹೊಡೆದು ಮೂರು ವಿಕೆಟ್ ತೆಗೆದದ್ದು ಮಾವನವರ ಪುಸ್ತಕಕ್ಕೆ ನೆನಪಿದೆ. ಭಾರತ 34 ರನ್ನುಗಳಿಂದ ಗೆದ್ದ ಪಂದ್ಯವದು.

ಜೂನ್ 18ರ ಪುಟದ ಮುಂದೆ ನಾವು ಬಹಳ ಹೊತ್ತು ನಿಂತೆವು. ಟನ್‌ಬ್ರಿಜ್ ವೆಲ್ಸ್, ಜಿಂಬಾಬ್ವೆಯ ವಿರುದ್ಧ. 17 ರನ್ನಿಗೆ ಐದು ವಿಕೆಟ್ ಬಿದ್ದಾಗ ಕಪಿಲ್ ದೇವ್ ಜೊತೆಗೆ ಬಂದು ನಿಂತವನು ಬಿನ್ನಿ. ಕಪಿಲ್ ಅಂದು 175 ಹೊಡೆದು ಔಟಾಗದೆ ಉಳಿದದ್ದು ಪುರಾಣವಾಗಿ ಹೋಗಿದೆ. ಆದರೆ ಆ ಪುರಾಣದ ಮೊದಲ ಅಧ್ಯಾಯ ಆರನೆಯ ವಿಕೆಟ್ಟಿಗೆ ಬಂದ 60 ರನ್ನುಗಳು, ಅದರಲ್ಲಿ ಬಿನ್ನಿಯದು 22. ಇಪ್ಪತ್ತೆರಡೆಂಬುದು ಯಾರೂ ಎಣಿಸದ ಸಂಖ್ಯೆ. ಅವನು ಅಲ್ಲಿ ನಿಲ್ಲದೆ ಹೋಗಿದ್ದರೆ ನಾಯಕನಿಗೆ ಕಣ್ಣು ಕೂರಿಸಿಕೊಳ್ಳಲು ಹೊತ್ತು ಸಿಗುತ್ತಿರಲಿಲ್ಲ. ಆಮೇಲೆ ಚೆಂಡು ಕೈಗೆ ತೆಗೆದುಕೊಂಡು ಎರಡು ವಿಕೆಟ್ಟನ್ನೂ ಉರುಳಿಸಿದ.

ಎರಡು ದಿನದ ನಂತರ ಚೆಮ್ಸ್‌ಫರ್ಡಿನಲ್ಲಿ ಆಸ್ಟ್ರೇಲಿಯ. ಸೋತಿದ್ದರೆ ಸೆಮಿಫೈನಲ್ಲಿನ ಬಾಗಿಲು ಮುಚ್ಚುತ್ತಿತ್ತು. ಭಾರತ 247. ಆಸ್ಟ್ರೇಲಿಯ 129ಕ್ಕೆ ಆಲೌಟ್. ಬಿನ್ನಿ 29 ರನ್ ಕೊಟ್ಟು ನಾಲ್ಕು, ಮದನ್ ಲಾಲ್ 20 ಕೊಟ್ಟು ನಾಲ್ಕು, ಪಂದ್ಯಪುರುಷ ಬಿನ್ನಿ. ಆ ಪುಟದಲ್ಲಿ ಕೆಂಪು ಚುಕ್ಕೆಗಳು ಒತ್ತೊತ್ತಾಗಿ, ಮಾಗಿದ ಕಾಫಿ ಹಣ್ಣಿನ ಗೊಂಚಲಿನ ಹಾಗೆ ಕಾಣುತ್ತವೆ. ಸೆಮಿಫೈನಲ್ಲಿನಲ್ಲಿ ಇಂಗ್ಲೆಂಡಿನ ಆರಂಭಿಕರು 69 ರನ್ನುಗಳವರೆಗೆ ಒಟ್ಟಿಗೆ ಸಾಗಿದ್ದಾಗ ಟವಾರೆ, ಫೌಲರ್ ಇಬ್ಬರನ್ನೂ ತೆಗೆದವನು ಬಿನ್ನಿಯೇ.

ಜೂನ್ 25, ವೆಸ್ಟ್ ಇಂಡೀಸಿನ ಎದುರು ಫೈನಲ್. ಆ ಪುಟದಲ್ಲಿ ಶಾಯಿ ಹರಡಿದೆ. ಹಂಚಿನ ಸಂದಿಯಿಂದ ಬಿದ್ದ ನೀರೆಂದು ಮಾವನವರು ಹೇಳಿದರು. ಆ ಕಲೆಯ ಅಂಚಿನಲ್ಲಿ, ಅರ್ಧ ಅಳಿಸಿ ಅರ್ಧ ಉಳಿದ ಒಂದು ಸಾಲು: ‘ಲಾಯ್ಡ್, ಕ್ಯಾಚ್ ಕಪಿಲ್, ಬೌಲ್ಡ್ ಬಿನ್ನಿ, 8.’ ರಿಚರ್ಡ್ಸ್ ಔಟಾದ ಮೇಲೂ ಪಂದ್ಯ ಮುಗಿದಿರಲಿಲ್ಲ. ಎಂಟು ವರ್ಷಗಳ ಹಿಂದೆ, 1975ರ ಫೈನಲ್ಲಿನಲ್ಲಿ, ಶತಕ ಹೊಡೆದಿದ್ದ ನಾಯಕ ಲಾಯ್ಡ್ ಇನ್ನೂ ಇದ್ದ. 66 ರನ್ನಿಗೆ ಐದನೆಯವನಾಗಿ ಅವನು ಹೋದಾಗ ಆಟ ಈ ಕಡೆಗೆ ವಾಲಿತು. ಬಿನ್ನಿ ಹತ್ತು ಓವರುಗಳಲ್ಲಿ ಕೊಟ್ಟದ್ದು 23 ರನ್ ಮಾತ್ರ. 183 ರನ್ನನ್ನು ಕಾಯ್ದುಕೊಳ್ಳಬೇಕಾದ ದಿನ ಅಂಥ ಹತ್ತು ಓವರುಗಳ ಬೆಲೆಯನ್ನು ವಿಕೆಟ್ಟಿನ ಮನೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಟೂರ್ನಿಯ ಕೊನೆಗೆ ಅವನ ಲೆಕ್ಕ 18 ವಿಕೆಟ್; ಮದನ್ ಲಾಲ್ ಮತ್ತು ಶ್ರೀಲಂಕಾದ ಅಶಾಂತ ಡಿಮೆಲ್ ತಲಾ 17.

‘ಅವತ್ತು ರಾತ್ರಿ ಏನು ಮಾಡಿದಿರಿ, ಮಾವ?’ ಎಂದು ಕೇಳಿದೆ.

‘ಎಂಥ ಮಾಡುವುದು? ಹೊರಗೆ ಬಂದು ಕೋವಿ ಹಾರಿಸಿದೆ. ಮಳೆಯ ಸದ್ದಿನಲ್ಲಿ ಪಕ್ಕದ ಮನೆಗೂ ಕೇಳಿಸಲಿಲ್ಲ,’ ಎಂದರು. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಕೋವಿ ಹಾರಿಸಿ ಊರಿಗೆ ತಿಳಿಸುವ ಪದ್ಧತಿಯಿದೆ. ಆ ರಾತ್ರಿಯ ಸಂತೋಷ ಅವರಿಗೆ ಅಷ್ಟು ದೊಡ್ಡದಾಗಿತ್ತು.

ಮೂರನೆಯ ದಿನ

ಮಡಿಕೇರಿಗೆ ಹೋದೆವು. ಏಪ್ರಿಲ್ ಆದ್ದರಿಂದ ಕೌಟುಂಬಿಕ ಹಾಕಿ ಉತ್ಸವದ ಕಾಲ. ದಾರಿಯುದ್ದಕ್ಕೂ ಜೀಪುಗಳ ಹಿಂದೆ ಹಾಕಿ ಸ್ಟಿಕ್ಕುಗಳು ಕಾಣುತ್ತಿದ್ದವು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಈ ಉತ್ಸವ ಇಂದು ನೂರಾರು ಕುಟುಂಬಗಳ ಹಬ್ಬವಾಗಿದೆ. ಕ್ರಿಕೆಟ್ಟಿಗೂ ಇಲ್ಲಿ ಕುಟುಂಬ ಪಂದ್ಯಾವಳಿಗಳಿವೆ, ಆದರೆ ಈ ನೆಲದ ಆಟ ಹಾಕಿಯೇ. ರಾಬಿನ್ ಉತ್ತಪ್ಪನಂಥ ಕ್ರಿಕೆಟಿಗನ ತಂದೆ ಕೂಡ ಹಾಕಿಯ ಅಂತರರಾಷ್ಟ್ರೀಯ ತೀರ್ಪುಗಾರರಾಗಿದ್ದವರು. ಬಿನ್ನಿಗೆ ತಕ್ಕ ಹೋಲಿಕೆಯೂ ನನಗೆ ಸಿಕ್ಕಿದ್ದು ಹಾಕಿಯಿಂದಲೇ.

ಹೋಲಿಕೆ ಕೊಟ್ಟವರು ಮಾವನವರು. ಮೈದಾನವೊಂದರ ಕಟ್ಟೆಯ ಮೇಲೆ ಕೂತು ಪಂದ್ಯ ನೋಡುತ್ತಿದ್ದಾಗ, ‘ಆ ಹಾಫ್‌ಬ್ಯಾಕನ್ನು ನೋಡಿ,’ ಎಂದರು. ಚೆಂಡು ನಮ್ಮ ಗೋಲಿನ ಕಡೆ ಬಂದರೆ ಅವನು ಅಲ್ಲಿರಬೇಕು, ಎದುರಾಳಿಯ ಕಡೆ ಹೋದರೆ ಹಿಂದೆಯೇ ಓಡಿ ಅಲ್ಲಿಯೂ ಇರಬೇಕು. ಗೋಲು ಹೊಡೆದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ತಡೆದ ಗೋಲ್‌ಕೀಪರನದೂ ಬರುತ್ತದೆ. ಕೊಡಗಿನ ಎಂ.ಎಂ. ಸೋಮಯ್ಯ 1980ರಲ್ಲಿ ಮಾಸ್ಕೊ ಒಲಿಂಪಿಕ್ಸಿನ ಚಿನ್ನ ಗೆದ್ದ ತಂಡದಲ್ಲಿದ್ದವರು, 1988ರಲ್ಲಿ ಸೋಲ್‌ನಲ್ಲಿ ನಾಯಕರಾದವರು. ಆಡಿದ್ದು ಹಾಫ್‌ಬ್ಯಾಕ್ ಸ್ಥಾನದಲ್ಲಿ. ‘ನಮ್ಮವರಿಗೆ ಸೋಮಯ್ಯನ ಬೆಲೆ ಗೊತ್ತು. ಬಿನ್ನಿ ಆಡಿದ್ದು ಅದೇ ಜಾಗದಲ್ಲಿ, ಕ್ರಿಕೆಟ್ಟಿನಲ್ಲಿ ಆ ಜಾಗಕ್ಕೆ ಹೆಸರಿಲ್ಲ, ಅಷ್ಟೆ.’ ಈ ಮಾತನ್ನು ಅಲ್ಲಿಯೇ ಬರೆದುಕೊಂಡೆ. ಆರಂಭಿಕ ಬ್ಯಾಟುಗಾರ, ಎಂಟನೆಯ ಬ್ಯಾಟುಗಾರ, ಹೊಸ ಚೆಂಡು, ಹಳೆಯ ಚೆಂಡು ಎಂದು ಬಿನ್ನಿಯನ್ನು ತುಂಡುತುಂಡಾಗಿ ಅಳೆಯುತ್ತಿದ್ದ ನನ್ನ ಕ್ರಮವೇ ತಪ್ಪೆಂದು ಆ ಕ್ಷಣ ತಿಳಿಯಿತು.

ಪಂದ್ಯ ಮುಗಿಯುವ ಹೊತ್ತಿಗೆ ಮಂಜು ಇಳಿಯಿತು. ಹಿಂದಿರುಗುವ ದಾರಿಯಲ್ಲಿ ಶಾಲಾ ಮೈದಾನವೊಂದರಲ್ಲಿ ಬಲೆ ಕಟ್ಟಿ ಹುಡುಗರು ಕೆಂಪು ಚರ್ಮದ ಚೆಂಡಿನಿಂದ ಅಭ್ಯಾಸ ಮಾಡುತ್ತಿದ್ದರು. ಹದಿನಾಲ್ಕು ವರ್ಷದವನಿರಬೇಕು, ಸಣಕಲ ಹುಡುಗ, ಏಳೆಂಟು ಹೆಜ್ಜೆಯ ಓಟ. ಬಲೆಯ ಹಿಂದೆ ನಿಂತು ನೋಡಿದೆ. ಹೊಲಿಗೆಯನ್ನು ತೋರುಬೆರಳು ಮತ್ತು ನಡುಬೆರಳುಗಳ ನಡುವೆ ನೆಟ್ಟಗೆ ಹಿಡಿದು, ಹೆಬ್ಬೆರಳನ್ನು ಕೆಳಗೆ ಆನಿಸಿ, ಹೊಳೆಯುವ ಮೈಯನ್ನು ಬ್ಯಾಟುಗಾರನ ಕಾಲಿನ ಬದಿಗೆ ಇಟ್ಟುಕೊಂಡಿದ್ದ. ಕೈಬಿಟ್ಟ ಚೆಂಡು ಮುಕ್ಕಾಲು ದೂರ ನೇರವಾಗಿ ಬಂದು, ಬ್ಯಾಟುಗಾರ ಆಡಲು ಹೊರಟ ಮೇಲೆ ಹೊರಕ್ಕೆ ಸರಿಯಿತು. ಬ್ಯಾಟಿನ ಅಂಚು ಸವರಿ ಬಲೆಗೆ ಬಡಿಯಿತು. ಒರಟು ಮೈಯ ಮೇಲೆ ಹಾಯುವ ಗಾಳಿ ಕಲಕಿಹೋಗಿ ಚೆಂಡಿಗೆ ಹೆಚ್ಚು ಹೊತ್ತು ಅಂಟಿಕೊಂಡಿರುತ್ತದೆ, ನುಣುಪು ಮೈಯದು ಬೇಗ ಬಿಟ್ಟುಕೊಳ್ಳುತ್ತದೆ. ಈ ವ್ಯತ್ಯಾಸವೇ ಚೆಂಡನ್ನು ಒಂದು ಬದಿಗೆ ತಳ್ಳುತ್ತದೆ. ಹೊಸ ಚೆಂಡಿನಲ್ಲಿ ಓರೆಯಾಗಿ ನಿಂತ ಹೊಲಿಗೆಯೇ ಒರಟು ಮೈಯ ಕೆಲಸ ಮಾಡುತ್ತದೆ. ವೇಗ ಮಿತಿ ಮೀರಿದರೆ ಈ ತಳ್ಳುವಿಕೆ ಕಡಿಮೆಯಾಗುವುದರಿಂದ ಬಿನ್ನಿಯಂಥ ಮಧ್ಯಮ ವೇಗದವರಿಗೆ ಅದು ಒಲಿಯುತ್ತದೆ.

ಆ ಹುಡುಗನಿಗೆ ಬಿನ್ನಿ ಗೊತ್ತೇ ಎಂದು ಕೇಳಿದೆ. ‘ಗೊತ್ತು ಅಂಕಲ್, ಬಿಸಿಸಿಐ ಅಧ್ಯಕ್ಷರಾಗಿದ್ದವರು,’ ಎಂದ. 2022ರ ಅಕ್ಟೋಬರಿನಲ್ಲಿ ಅಧ್ಯಕ್ಷರಾದದ್ದು ನಿಜ. ಅದಕ್ಕೆ ಮುನ್ನ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿದ್ದದ್ದೂ, 2000ದಲ್ಲಿ ಮೊಹಮ್ಮದ್ ಕೈಫ್ ನಾಯಕತ್ವದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ತಂಡಕ್ಕೆ ತರಬೇತುದಾರರಾಗಿದ್ದದ್ದೂ ನಿಜವೇ. ಆದರೆ ಆ ಹುಡುಗ ಈಗಷ್ಟೇ ಹಾಕಿದ ಚೆಂಡನ್ನು ನಲವತ್ತು ವರ್ಷಗಳ ಹಿಂದೆ ಲೀಡ್ಸಿನಲ್ಲಿ ಯಾರು ಹಾಕಿದರೆಂಬುದನ್ನು ಅವನಿಗೆ ಹೇಳದೆ ನಾನು ಅಲ್ಲಿಂದ ಹೊರಡುವ ಹಾಗಿರಲಿಲ್ಲ. ಮಂಜಿನಲ್ಲಿ ನಿಂತೇ ಹೇಳಿದೆ: 1986ರ ಜೂನ್, ಹೆಡಿಂಗ್ಲಿ ಮೈದಾನ. ಭಾರತ 272. ಇಂಗ್ಲೆಂಡ್ 102ಕ್ಕೆ ಆಲೌಟ್, ಬಿನ್ನಿ 40 ರನ್ ಕೊಟ್ಟು ಐದು ವಿಕೆಟ್. ಅಲ್ಲಿಯೇ ಲೀಗ್ ಕ್ರಿಕೆಟ್ ಆಡುತ್ತಿದ್ದ ಮದನ್ ಲಾಲರನ್ನು ತಂಡಕ್ಕೆ ಕರೆಸಿಕೊಳ್ಳಲಾಗಿತ್ತು, ಅವರಿಗೆ ಮೂರು. ಎರಡನೆಯ ಇನಿಂಗ್ಸಿನಲ್ಲಿ ವೆಂಗ್‌ಸರ್ಕಾರ್ ಔಟಾಗದೆ 102, ಬಿನ್ನಿಗೆ ಮತ್ತೆರಡು ವಿಕೆಟ್, ಭಾರತಕ್ಕೆ 279 ರನ್ನುಗಳ ಗೆಲುವು, ಅದರೊಂದಿಗೆ ಸರಣಿಯೂ. ಹುಡುಗ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಾ ಕೇಳಿಸಿಕೊಂಡ. ‘ಐದು ವಿಕೆಟ್ಟೂ ಸ್ವಿಂಗಿಗೇನಾ?’ ಎಂದು ಕೇಳಿದ ಪ್ರಶ್ನೆ ಬೌಲರನದು. ಬಿನ್ನಿಯ ಬಲ ಅದೇ ಎಂದು ಹೇಳಿ ಬಂದೆ.

ನಾಲ್ಕನೆಯ ದಿನ

ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಿತ್ತು. ಬೆಳಿಗ್ಗೆ ನೂಲ್‌ಪುಟ್ಟು ತಿಂದು ಕೊನೆಯ ಪುಸ್ತಕ ತೆಗೆದೆವು. ಅದರ ಪುಟಗಳೆಲ್ಲ ಬಹುಮಟ್ಟಿಗೆ ಬೆಂಗಳೂರಿನವು ಎಂಬುದನ್ನು ನಾನು ಗಮನಿಸಿದ್ದು ಆಗಲೇ. ಬಿನ್ನಿ ಮೊದಲ ಟೆಸ್ಟ್ ಆಡಿದ್ದು 1979ರ ನವೆಂಬರಿನಲ್ಲಿ, ತನ್ನೂರಿನ ಮೈದಾನದಲ್ಲಿ, ಪಾಕಿಸ್ತಾನದ ವಿರುದ್ಧ. ಭಾರತಕ್ಕೆ ಆಡಿದ ಮೊದಲ ಆಂಗ್ಲೋ-ಇಂಡಿಯನ್ ಅವನು. ವಿಶ್ವಕಪ್ ಗೆದ್ದು ಬಂದ ಮೂರೇ ತಿಂಗಳಿಗೆ, 1983ರ ಸೆಪ್ಟೆಂಬರಿನಲ್ಲಿ, ಅದೇ ಮೈದಾನ, ಅದೇ ಎದುರಾಳಿ. 85 ರನ್ನಿಗೆ ಆರು ವಿಕೆಟ್ ಬಿದ್ದಿದ್ದಾಗ ಬಿನ್ನಿ ಮತ್ತು ಮದನ್ ಲಾಲ್ ಏಳನೆಯ ವಿಕೆಟ್ಟಿಗೆ 155 ಸೇರಿಸಿದರು. ಬಿನ್ನಿ ಔಟಾಗದೆ 83. ಟೆಸ್ಟಿನಲ್ಲಿ ಅವನ ಅತಿ ಹೆಚ್ಚಿನ ಮೊತ್ತ ಅದೇ. ಶತಕಕ್ಕೆ ಹದಿನೇಳು ಕಡಿಮೆಯಿದ್ದಾಗ ಜೊತೆಗಾರರು ಮುಗಿದುಹೋದರು. ಮಾವನವರು ಆ 83ರ ಸುತ್ತ ಎರಡು ಬಾರಿ ಗೆರೆ ಎಳೆದಿದ್ದಾರೆ, ವಿಶ್ವಕಪ್ಪಿನ ಇಸವಿಯೂ ಅದೇ ಎಂಬ ಕಾರಣಕ್ಕೆ.

1987ರ ಫೆಬ್ರವರಿಯಲ್ಲಿ ಕಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ 56 ರನ್ ಕೊಟ್ಟು ಆರು ವಿಕೆಟ್, ಅವನ ಶ್ರೇಷ್ಠ ಟೆಸ್ಟ್ ಬೌಲಿಂಗ್. ಇಂಗ್ಲೆಂಡಿನ ಮೋಡದ ಕೆಳಗೆ ಮಾತ್ರ ಬಿನ್ನಿ ಉಪಯೋಗಕ್ಕೆ ಬರುತ್ತಾನೆಂದು ಹೇಳುವವರಿಗೆ ಈಡನ್ ಗಾರ್ಡನ್ಸಿನ ಈ ಪುಟವನ್ನು ತೋರಿಸಬೇಕು. ಮರು ತಿಂಗಳೇ ಬೆಂಗಳೂರಿನಲ್ಲಿ ಅವನ ಕೊನೆಯ ಟೆಸ್ಟ್. ಒಟ್ಟು 27 ಟೆಸ್ಟುಗಳಲ್ಲಿ 830 ರನ್, 47 ವಿಕೆಟ್. 72 ಏಕದಿನ ಪಂದ್ಯಗಳಲ್ಲಿ 629 ರನ್, 77 ವಿಕೆಟ್. ಈ ಅಂಕಿಗಳನ್ನು ಕಪಿಲ್ ದೇವನ ಅಂಕಿಗಳ ಪಕ್ಕದಲ್ಲಿಟ್ಟರೆ ಚಿಕ್ಕದಾಗಿ ಕಾಣುತ್ತವೆ. ನಾಲ್ಕು ದಿನ ಓವರು ಓವರಾಗಿ ಓದಿದ ಮೇಲೆ ನನಗೆ ಹಾಗೆ ಕಾಣಲಿಲ್ಲ.

ಬಿನ್ನಿಯ ಮಗ ಸ್ಟುವರ್ಟ್ 2014ರ ಜೂನ್ 17ರಂದು ಮೀರ್‌ಪುರದಲ್ಲಿ ಬಾಂಗ್ಲಾದೇಶದ ವಿರುದ್ಧ ನಾಲ್ಕು ರನ್ನಿಗೆ ಆರು ವಿಕೆಟ್ ತೆಗೆದು, ಅನಿಲ್ ಕುಂಬ್ಳೆಯ 12ಕ್ಕೆ ಆರರ ಭಾರತೀಯ ದಾಖಲೆಯನ್ನು ಮುರಿದಾಗ ಮಾವನವರು ಬರೆಯುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅಂದು ಮಾತ್ರ ಹಳೆಯ ಪುಸ್ತಕ ಹುಡುಕಿ, ಖಾಲಿ ಮನೆಯೊಂದರಲ್ಲಿ ‘ಮಗ: 6-4’ ಎಂದು ಬರೆದಿಟ್ಟಿದ್ದಾರೆ.

ಕೊನೆಯ ಪುಟ 1987ರ ಮಾರ್ಚ್ 17ರದು. ಸುನೀಲ್ ಗಾವಸ್ಕರರಿಗೂ ಅದೇ ಕೊನೆಯ ಟೆಸ್ಟ್. ಚೆಂಡು ಬುಗುರಿಯಂತೆ ತಿರುಗುತ್ತಿದ್ದ ಪಿಚ್ಚಿನ ಮೇಲೆ ಅವರು ಹೊಡೆದ 96 ರನ್ನುಗಳ ಬಗ್ಗೆ ಸಾಕಷ್ಟು ಬರವಣಿಗೆ ಬಂದಿದೆ. ಗೆಲ್ಲಲು 221 ಬೇಕಿದ್ದಾಗ ಗಾವಸ್ಕರ್ ಹೋದ ಮೇಲೂ ಒಂದು ತುದಿಯಲ್ಲಿ ನಿಂತಿದ್ದವನು ಬಿನ್ನಿ, ಇನ್ನೊಂದು ತುದಿಯಲ್ಲಿ ಹನ್ನೊಂದನೆಯ ಬ್ಯಾಟುಗಾರ ಮಣಿಂದರ್ ಸಿಂಗ್. ಗೆಲುವಿಗೆ ಹದಿನೇಳು ರನ್ ಇದ್ದಾಗ ತೌಸೀಫ್ ಅಹ್ಮದರ ಚೆಂಡಿಗೆ ಕೀಪರ್ ಸಲೀಂ ಯೂಸುಫ್ ಕೈಗೆ ಕ್ಯಾಚಿತ್ತು ಔಟಾದವನೂ ಬಿನ್ನಿಯೇ. ಹದಿನಾರು ರನ್ನಿನ ಸೋಲು.

ಬರೆದದ್ದನ್ನು ಗಟ್ಟಿಯಾಗಿ ಓದಲು ಮಾವನವರು ಹೇಳಿದರು; ಅವರ ಕಣ್ಣಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ. ಓದಿದೆ. ‘ಬಿನ್ನಿ, ಕ್ಯಾಚ್ ಯೂಸುಫ್, ಬೌಲ್ಡ್ ತೌಸೀಫ್, 15.’ ಅದರ ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ ಅದೇ ಕೈಬರಹದಲ್ಲಿ, ಅದೇ ಶಾಯಿಯಲ್ಲಿ: ‘ಹೂವಿಗೆ ನೀರು. ಪಂಪಿಗೆ ಡೀಸೆಲ್ 20 ಲೀಟರ್. ಆಳು ನಾಲ್ಕು.’

‘ಆಮೇಲೆ ಬರೆಯಲಿಲ್ಲವೇ, ಮಾವ?’

‘ಅಕ್ಟೋಬರಿನಲ್ಲಿ ಮದ್ರಾಸಿನಲ್ಲಿ ಒಂದು ಪಂದ್ಯ ಆಡಿದ, ಆಸ್ಟ್ರೇಲಿಯದ ಎದುರು. ಒಂದು ರನ್ನಿನಿಂದ ಸೋತರು. ಆಮೇಲೆ ಅವನನ್ನು ಆಡಿಸಲೇ ಇಲ್ಲ. ಅದನ್ನು ಬರೆಯಲು ಮನಸ್ಸು ಬರಲಿಲ್ಲ,’ ಎಂದು ಹೇಳಿ ಅವರು ಪುಸ್ತಕ ಮುಚ್ಚಿದರು. ನಂತರ ಐದನ್ನೂ ಒಂದು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ದಾರ ಕಟ್ಟಿ, ನನ್ನ ಕೈಗೆ ಕೊಟ್ಟು, ‘ಬರೆದು ಮುಗಿದ ಮೇಲೆ ನೀನೇ ತಂದುಕೊಡು, ಅಂಚೆಯಲ್ಲಿ ಹಾಕಬೇಡ,’ ಎಂದರು. ನಾಲ್ಕು ದಿನದಲ್ಲಿ ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.